ಹಡಿಲು ಬಿದ್ದ ಗದ್ದೆ, ಮೇವಿಲ್ಲದ ಹಟ್ಟಿ: ಹುಲ್ಲುಗಾವಲಿಗೂ ಒಂದು ಕರಾರು ಬೇಡವೇ?

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದಲ್ಲಿ ಎರಡು-ಮೂರು ತಲೆಮಾರುಗಳಿಂದ ನೆಲೆಯೂರಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಊರಿನ ಒಂದಿಷ್ಟು ಜಮೀನನ್ನು ಇಂದಿಗೂ ಉಳಿಸಿಕೊಂಡವರು ಅನೇಕರಿದ್ದಾರೆ. ಮೇ ತಿಂಗಳ ರಜೆಗೆ ಊರಿಗೆ ಹೋದಾಗ ಕಾಣುವ ದೃಶ್ಯ ಬಹುತೇಕ ಒಂದೇ. ಕರಾವಳಿಯವರ ಬೈಲುಗದ್ದೆ ಹಡಿಲು ಬಿದ್ದಿರುತ್ತದೆ. ಬಯಲುಸೀಮೆಯವರ ಹೊಲ ಬೀಳು ಬಿದ್ದಿರುತ್ತದೆ. ನೆರೆಮನೆಯವರ ದನಗಳು ಅಲ್ಲಿ ಮೇಯುತ್ತಿರುತ್ತವೆ. 'ಮೇಯಲಿ ಬಿಡಿ, ಹೇಗೂ ಖಾಲಿ ಬಿದ್ದಿದೆ' ಎಂದು ನಾವು ಸೌಜನ್ಯದಿಂದಲೇ ಹೇಳುತ್ತೇವೆ. ಆದರೆ ಮರಳಿ ಮುಂಬಯಿಯ ಬಸ್ಸು ಹತ್ತುವಾಗ ಮನದ ಮೂಲೆಯಲ್ಲಿ ಒಂದು ಅಳುಕು: ಇಂದಿನ ಉಪಕಾರ ನಾಳೆ ಹಕ್ಕಾಗಿ ಬಿಟ್ಟರೆ?

ಈ ಅಳುಕಿಗೆ ಒಂದು ಇತಿಹಾಸವಿದೆ. ದೇವರಾಜ ಅರಸರ ಕಾಲದಲ್ಲಿ ಕರ್ನಾಟಕ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಶನ್ ಕೊಟ್ಟರು, ಉಳುವವನೇ ಹೊಲದೊಡೆಯನಾದನು. ಅದರಿಂದ ಭೂಮಿ ಪಡೆದ ಮನೆಗಳೂ, ಕಳೆದುಕೊಂಡ ಮನೆಗಳೂ ಇಂದು ಈ ಉಪನಗರಗಳಲ್ಲಿ ಅಕ್ಕಪಕ್ಕದಲ್ಲಿವೆ. ಆ ಸುಧಾರಣೆಯ ನ್ಯಾಯವನ್ನು ನಾವು ಪ್ರಶ್ನಿಸುತ್ತಿಲ್ಲ. ನಮ್ಮ ಪ್ರಶ್ನೆ ಕಾಯಿದೆಯ ಇಂದಿನ ಪರಿಣಾಮದ ಕುರಿತಾದುದು.

ಕಾಯಿದೆಯ 5ನೇ ಕಲಮು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ. ಕಾಯಿದೆಯಲ್ಲಿ 'ಕೃಷಿ' ಎಂಬುದರ ಅರ್ಥವೂ ವಿಶಾಲವಾದುದು. ಹುಲ್ಲು ಬೆಳೆಯುವುದು, ಹೈನುಗಾರಿಕೆ, ಜಾನುವಾರು ತಳಿ ಸಾಕಣೆ, ದನ ಮೇಯಿಸುವುದು ಎಲ್ಲವೂ ಅದರಲ್ಲಿ ಸೇರಿವೆ. ಎಂದರೆ ಹಡಿಲು ಗದ್ದೆಯನ್ನು ನೆರೆಯ ಹೈನುಗಾರನಿಗೆ ಮೇವಿಗೆಂದು ವರ್ಷದ ಬಾಡಿಗೆಗೆ ಬರೆದುಕೊಡುವುದಕ್ಕೂ ಈ ನಿಷೇಧ ಅಡ್ಡ ಬರುತ್ತದೆ. ಸೈನಿಕರಿಗೆ, ನಾವಿಕರಿಗೆ ವಿನಾಯಿತಿಯಿದೆ. ಕರಾವಳಿಯಲ್ಲಿ ಜಲಕೃಷಿಗಾಗಿ ಇಪ್ಪತ್ತು ವರ್ಷ ಮೀರದ ಗುತ್ತಿಗೆಗೂ ಅವಕಾಶ ಮಾಡಿಕೊಡಲಾಯಿತು. ಸಿಗಡಿಗೆ ದೊರೆತ ಸವಲತ್ತು ಹಸುವಿಗೆ ದೊರೆಯಲಿಲ್ಲ! 2020ರ ತಿದ್ದುಪಡಿಯು ಕೃಷಿಕರಲ್ಲದವರಿಗೂ ಜಮೀನು ಕೊಳ್ಳುವ ದಾರಿ ತೆರೆಯಿತು. ಗೇಣಿಯ ನಿಷೇಧ ಮಾತ್ರ ಹಾಗೆಯೇ ಉಳಿಯಿತು. ಹೀಗಾಗಿ ಪಿತ್ರಾರ್ಜಿತ ಭೂಮಿಯನ್ನು ಅಪರಿಚಿತನಿಗೆ ಮಾರುವುದು ಸುಲಭ, ಪರಿಚಿತನಿಗೆ ಮೇವಿಗೆ ಕೊಡುವುದು ಕಷ್ಟ.

ಕುದುರೆಗಳ ವಿಷಯ ಹೀಗಿಲ್ಲ. ಹೈದರ್-ಟಿಪ್ಪು ಕಾಲದ ನೆನಪನ್ನು ಹೊತ್ತ ಕುಣಿಗಲ್ ಕುದುರೆ ಫಾರಂ ಅನ್ನು ಕರ್ನಾಟಕ ಸರಕಾರವು 1992ರಲ್ಲಿ ಖಾಸಗಿ ಸಂಸ್ಥೆಗೆ ಮೂವತ್ತು ವರ್ಷಗಳ ಗುತ್ತಿಗೆಗೆ ನೀಡಿತ್ತು. ನಮ್ಮ ಮುಂಬಯಿಯಲ್ಲೇ ನೋಡಿ: ಮಹಾಲಕ್ಷ್ಮಿ ರೇಸ್‌ಕೋರ್ಸ್‌ನ ಗುತ್ತಿಗೆ 2013ರಲ್ಲಿ ಮುಗಿಯಿತು. ದೀರ್ಘ ಚರ್ಚೆಯ ಬಳಿಕ 2024ರಲ್ಲಿ 211 ಎಕರೆಯ ಪೈಕಿ 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ, 91 ಎಕರೆ ರೇಸ್ ಕ್ಲಬ್ಬಿಗೆ ಎಂದು ಸರಕಾರ ತೀರ್ಮಾನಿಸಿತು. ಇವು ಖಾಸಗಿ ಹೊಲಗಳಲ್ಲ, ಸಾರ್ವಜನಿಕ ಜಮೀನುಗಳು ಎಂಬ ವ್ಯತ್ಯಾಸವನ್ನು ನಾವು ಬಲ್ಲೆವು. ಆದರೂ ಒಂದು ಪಾಠ ಸ್ಪಷ್ಟವಿದೆ. ಕಾಗದದ ಮೇಲೆ ಅವಧಿ ಇದ್ದುದರಿಂದಲೇ, ಅವಧಿ ಮುಗಿದಾಗ 'ಈ ನೆಲ ಯಾರದು, ಮುಂದೇನು' ಎಂದು ಕೇಳಲು ಸಾಧ್ಯವಾಯಿತು.

ಮೇವಿನ ಅಗತ್ಯವಾದರೂ ಕಡಿಮೆಯಾಗಿದೆಯೇ? ನೂರು ಜಾನುವಾರುಗಳಿಗೆ 12 ಹೆಕ್ಟೇರು, ಎಂದರೆ ಸುಮಾರು 30 ಎಕರೆ ಗೋಮಾಳ ಕಾದಿರಿಸಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಆದರೆ ಊರೂರಿನ ಗೋಮಾಳಗಳು ನಿವೇಶನ, ಕಟ್ಟಡ, ಒತ್ತುವರಿಗಳಿಗೆ ಕರಗಿವೆ. ಗ್ರಾಮದ ಸಾರ್ವಜನಿಕ ಜಮೀನುಗಳ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಆದೇಶಿಸಬೇಕಾಯಿತು. ಸಾರ್ವಜನಿಕ ಹುಲ್ಲುಗಾವಲು ಕುಗ್ಗಿದಾಗ ಖಾಸಗಿ ಹಡಿಲು ಭೂಮಿಯೇ ದನಕರುಗಳಿಗೆ ಆಸರೆಯಾಗುತ್ತದೆ.

ಇದಕ್ಕೆ ಹಳೆಯ ಮಾದರಿಯೂ ನಮ್ಮ ಕಣ್ಣೆದುರಿಗಿದೆ. ಮಳೆಗಾಲದ ನಂತರ ಘಟ್ಟ ಇಳಿದು ಕೊಂಕಣಕ್ಕೆ ಬರುವ ಧನಗರರು ಕೊಯ್ಲಾದ ಗದ್ದೆಗಳಲ್ಲಿ ಕುರಿಮಂದೆ ನಿಲ್ಲಿಸುತ್ತಾರೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ, ಕುರಿಗಾಹಿಗೆ ಧಾನ್ಯ. ಉತ್ತರ ಕರ್ನಾಟಕದ ಕುರುಬರಲ್ಲೂ ಇದೇ ರೂಢಿಯಿದೆ. ಅವಧಿ ನಿಶ್ಚಿತ, ಲಾಭ ಇಬ್ಬರಿಗೂ. ಭೂಮಿಯ ಒಡೆತನದ ಪ್ರಶ್ನೆಯೇ ಏಳುವುದಿಲ್ಲ.

ಈ ರೂಢಿಗೆ ಕಾನೂನಿನ ರೂಪ ಕೊಡಲು ಸಾಧ್ಯವಿದೆ. ನೀತಿ ಆಯೋಗದ ಪರಿಣತರ ಸಮಿತಿ 2016ರಲ್ಲಿ ಮಾದರಿ ಭೂ ಗುತ್ತಿಗೆ ಕಾಯಿದೆಯೊಂದನ್ನು ಮುಂದಿಟ್ಟಿತು. ಮಾಲೀಕನ ಒಡೆತನ ಭದ್ರ, ಅವಧಿ ಮುಗಿದೊಡನೆ ಜಮೀನು ವಾಪಸು, ಗುತ್ತಿಗೆದಾರನಿಗೆ ಸಾಲ-ವಿಮೆಯ ಅನುಕೂಲ ಎಂಬುದು ಅದರ ತಿರುಳು. ಕನಿಷ್ಠ ಮೇವಿನ ಮಟ್ಟಿಗಾದರೂ, ಒಂದು ಹಂಗಾಮಿಗೆ ಸೀಮಿತವಾದ ಪರವಾನಿಗೆಯನ್ನು ಗ್ರಾಮ ಪಂಚಾಯತಿಯಲ್ಲಿ ದಾಖಲಿಸುವ ವ್ಯವಸ್ಥೆ ಬಂದರೆ 1974ರ ಆಶಯಕ್ಕೆ ಧಕ್ಕೆಯಾಗದು ಎಂಬುದು ನಮ್ಮ ಅಭಿಮತ.

ಅಲ್ಲಿಯವರೆಗೆ ನಾವು ಮಾಡಬಹುದಾದುದೇನು? ಪಹಣಿಯನ್ನು ವರ್ಷಕ್ಕೊಮ್ಮೆ ಪರಿಶೀಲಿಸುವುದು. ಭೂಮಿಯನ್ನಲ್ಲ, ಬೆಳೆದು ನಿಂತ ಹುಲ್ಲನ್ನಷ್ಟೇ ಕೊಯ್ದುಕೊಳ್ಳಲು ಕೊಡುವ ದಾರಿಯಿದೆಯೇ ಎಂದು ಊರಿನ ವಕೀಲರಲ್ಲಿ ವಿಚಾರಿಸುವುದು. ಬೇಲಿ, ಬಾವಿ, ಮರಗಳ ಹೊಣೆ ಯಾರದೆಂದು ಮೊದಲೇ ಮಾತಾಡಿಕೊಳ್ಳುವುದು. ಎಲ್ಲಕ್ಕಿಂತ ಮುಖ್ಯವಾಗಿ, ಯಾರ ದನ ಅಲ್ಲಿ ಮೇಯುತ್ತದೆ, ಯಾವ ಮಾತಿನ ಮೇಲೆ ಎಂಬುದನ್ನು ಮಕ್ಕಳಿಗೆ ತಿಳಿಸುವುದು. ನಮ್ಮ ಕಾಲಕ್ಕೆ ನೆರೆಯವರ ಮುಖ ಪರಿಚಯವಿದೆ, ಮಾತಿಗೆ ಬೆಲೆಯಿದೆ. ಊರಿನ ದಾರಿಯನ್ನೇ ಮರೆಯುತ್ತಿರುವ ಮುಂದಿನ ತಲೆಮಾರಿಗೆ ಉಳಿಯುವುದು ಕಾಗದವೊಂದೇ. ಅದು ಇಲ್ಲದಿದ್ದರೆ ಅವರು ಗದ್ದೆಯ ಜೊತೆಗೆ ನೆರೆಯವರ ಸ್ನೇಹವನ್ನೂ ಕಳೆದುಕೊಂಡಾರು.