ಕೊಬ್ಬಿಗಿಂತ ಮೊದಲು ಗುಂಡಿನ ಅಳತೆ

1857 ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಶಾಲೆಯ ಪುಸ್ತಕದ ಒಂದೇ ಮಾತು ನೆನಪು: ತೋಟಾಗಳಿಗೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ಹಬ್ಬಿತು, ಸಿಪಾಯಿಗಳು ದಂಗೆ ಎದ್ದರು. ತೋಟಾಕ್ಕೆ ಕೊಬ್ಬು ಯಾಕೆ ಬೇಕಿತ್ತು ಎಂದು ಮೇಷ್ಟರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾಗಾಗಿ ಆ ಕತೆ ಹೊಸ ಯಂತ್ರಕ್ಕೂ ಹಳೆಯ ನಂಬಿಕೆಗೂ ಆದ ಜಗಳವಾಗಿಯೇ ಉಳಿದುಬಿಟ್ಟಿದೆ. ನನ್ನ ಪ್ರಕಾರ ಅದು ಅಳತೆಯ ಕತೆಯೂ ಹೌದು. ಆ ಅಳತೆಯಲ್ಲಿ ಏನನ್ನು ಲೆಕ್ಕಕ್ಕೆ ಹಿಡಿದರು, ಯಾರನ್ನು ಬಿಟ್ಟರು ಎಂಬುದನ್ನು ನೋಡಬೇಕು.

ಮಲೆನಾಡಿನಲ್ಲೋ ಕೊಡಗಿನಲ್ಲೋ ಕೇಪಿನ ಕೋವಿ ನೋಡಿದವರಿಗೆ ಅದರ ಕ್ರಮ ಗೊತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಗುಂಡು ಇಳಿಸಿ, ಗಜದಿಂದ ಜಡಿಯಬೇಕು. ಗುಂಡು ಒಳಗೆ ಹೋಗುವುದೂ ಹೊರಗೆ ಬರುವುದೂ ಒಂದೇ ದಾರಿಯಲ್ಲಿ. ಇಳಿಯುವಾಗ ಅದು ಸಡಿಲವಾಗಿರಬೇಕು, ಹೊರಡುವಾಗ ಬಿಗಿಯಾಗಿರಬೇಕು. ಈ ಎರಡು ಬೇಡಿಕೆಗಳ ನಡುವೆ ಕೋವಿ ತಯಾರಕರು ತಲೆಮಾರುಗಟ್ಟಲೆ ಒದ್ದಾಡಿದ್ದಾರೆ.

ಬ್ರಿಟಿಷ್ ಸೇನೆಯ ಹಳೆಯ ಬ್ರೌನ್ ಬೆಸ್ ಬಂದೂಕಿನ ನಳಿಗೆ ಸುಮಾರು 0.75 ಇಂಚು, ಅದರ ಗುಂಡು ಸುಮಾರು 0.69 ಇಂಚು. ಗುಂಡು ಸಲೀಸಾಗಿ ಇಳಿಯುತ್ತಿತ್ತು. ಆದರೆ ಹೊಡೆದಾಗ ಪಕ್ಕದ ಸಂದಿಯಿಂದ ಹೊಗೆ ಸೋರಿ, ಗುಂಡು ನಳಿಗೆಯ ಗೋಡೆಗೆ ಅತ್ತಿತ್ತ ಬಡಿದು ಹೊರಬೀಳುತ್ತಿತ್ತು. ನೂರು ಗಜದಾಚೆ ಒಬ್ಬ ಮನುಷ್ಯನಿಗೆ ತಗುಲಿದರೆ ಅದೃಷ್ಟ. ಇದಕ್ಕೆ ವಿರುದ್ಧವಾಗಿ 1800ರ ಹೊತ್ತಿಗೆ ಬಂದ ಬೇಕರ್ ರೈಫಲ್‌ನಲ್ಲಿ ಗುಂಡಿಗೆ ಜಿಡ್ಡು ಸವರಿದ ತುಂಡೊಂದನ್ನು ಸುತ್ತಿ, ಒಳಗಿನ ತಿರುಚು ಗೀರುಗಳನ್ನು ಕಚ್ಚುವಷ್ಟು ಬಿಗಿಯಾಗಿ ಇಳಿಸಬೇಕಿತ್ತು. ಗುರಿ ಚೆನ್ನಾಗಿತ್ತು. ಆದರೆ ಗುಂಡು ಜಡಿಯಲು ಮೊದಮೊದಲು ಮರದ ಸುತ್ತಿಗೆಯನ್ನೇ ಕೊಡಬೇಕಾಯಿತು.

ಕಪ್ಪು ಮದ್ದಿನ ಗುಣ ಇದನ್ನು ಇನ್ನಷ್ಟು ಕಷ್ಟವಾಗಿಸುತ್ತದೆ. ಅದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಒಂದಷ್ಟು ಮಸಿಯಾಗಿ ನಳಿಗೆಗೆ ಅಂಟುತ್ತದೆ. ಮೊದಲನೇ ಗುಂಡಿಗೆ ಸರಿಯಾಗಿದ್ದ ನಳಿಗೆ ಹತ್ತನೆಯದಕ್ಕೆ ಕಿರಿದಾಗಿರುತ್ತದೆ.

1853ರ ಎನ್‌ಫೀಲ್ಡ್ ಇದಕ್ಕೆ ಜಾಣ ಉತ್ತರ ಕೊಟ್ಟಿತು. ನಳಿಗೆ 0.577 ಇಂಚು, ಉದ್ದನೆಯ ಸೀಸದ ಗುಂಡು 0.568 ಇಂಚು. ಅಂತರ ಕಾಲು ಮಿಲಿಮೀಟರಿನಷ್ಟೂ ಇಲ್ಲ. ಗುಂಡಿನ ಬುಡ ಟೊಳ್ಳು. ಮದ್ದು ಸಿಡಿದಾಗ ಮೆತ್ತನೆಯ ಸೀಸ ಹಿಗ್ಗಿ ಗೀರುಗಳನ್ನು ಹಿಡಿಯುತ್ತದೆ. ಉಳಿದ ಸಂದಿಯನ್ನು ತೋಟಾದ ಕಾಗದವೇ ತುಂಬಬೇಕು, ಏಕೆಂದರೆ ಗುಂಡು ಕಾಗದದ ಸಮೇತ ಒಳಗೆ ಹೋಗುತ್ತದೆ. ಆ ಕಾಗದ ಜಾರಲು, ಮಸಿ ಮೆತ್ತಗಾಗಲು ಜಿಡ್ಡು ಬೇಕು. ಕೊಬ್ಬು ಬಂದದ್ದು ಇಲ್ಲಿ.

ಅಂದರೆ ಕೊಬ್ಬು ಆ ಅಳತೆಯದೇ ಒಂದು ಭಾಗ. ಅದನ್ನು ಇಂಗ್ಲೆಂಡಿನಲ್ಲಿ ಕೂತವರು ತೀರ್ಮಾನಿಸಿದರು. 1853ರಲ್ಲೇ ಜಿಡ್ಡು ಸವರಿದ ತೋಟಾಗಳನ್ನು ಭಾರತಕ್ಕೆ ಕಳಿಸಿ ಪರೀಕ್ಷಿಸಿದ್ದರು. ಪರೀಕ್ಷಿಸಿದ್ದು ನಮ್ಮ ಹವೆಗೆ ಜಿಡ್ಡು ತಾಳುತ್ತದೆಯೇ ಎಂಬುದನ್ನು. ಅದನ್ನು ಕಚ್ಚಬೇಕಾದ ಬಾಯಿ ಪರೀಕ್ಷೆಯಲ್ಲಿ ಇರಲಿಲ್ಲ. ಜಿಡ್ಡು ಸಿಪಾಯಿಗಳ ಜಾತಿಧರ್ಮಕ್ಕೆ ಒಗ್ಗುವಂಥದ್ದು ಎಂದು ಖಚಿತವಾಗದೆ ಅವರಿಗೆ ಕೊಡಬೇಡಿ ಎಂದು ಕರ್ನಲ್ ಟಕರ್ ಎಂಬ ಅಧಿಕಾರಿ ಆಗಲೇ ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1857ರ ಜನವರಿಯಲ್ಲಿ ದಮ್‌ದಮ್‌ನಲ್ಲಿ ಗುಸುಗುಸು ಎದ್ದ ಮೇಲೆ, ನಿಮ್ಮ ಜಿಡ್ಡು ನೀವೇ ಸವರಿಕೊಳ್ಳಿ ಎಂದರು. ಆಮೇಲೆ ಕಚ್ಚುವ ಬದಲು ಕೈಯಿಂದ ಹರಿಯಿರಿ ಎಂದರು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಅವಧ್ ಸ್ವಾಧೀನದಂಥ ಬೇರೆ ಸಿಟ್ಟುಗಳೂ ಸೇರಿದ್ದವು, ನಿಜ. ಆದರೆ ಕಿಡಿ ಹೊತ್ತಿದ್ದು ಇಲ್ಲಿ.

ಆಮೇಲೆ ನಡೆದದ್ದು ನಮ್ಮ ಪಠ್ಯಗಳಲ್ಲಿ ಇಲ್ಲ. ದಂಗೆಯ ಕಾಳಗಗಳಲ್ಲಿ, ಇಲ್ಲಿನ ಬಿಸಿಲಲ್ಲಿ, ಬ್ರಿಟಿಷ್ ಸೈನಿಕರಿಗೇ 0.568ರ ಗುಂಡು ಮಸಿ ಹಿಡಿದ ನಳಿಗೆಯಲ್ಲಿ ಇಳಿಯದಾಯಿತು. ಕೊನೆಗೆ ಗುಂಡನ್ನು 0.55 ಇಂಚಿಗೆ ಇಳಿಸಿದರು. ಕೊಬ್ಬಿನ ಬದಲು ಜೇನುಮೇಣ ಬಂತು. ಟೊಳ್ಳು ಬುಡ ಹಿಗ್ಗಿ ಸಂದಿ ತುಂಬುತ್ತಿದ್ದರಿಂದ ಆ ಸಣ್ಣ ಗುಂಡೂ ಕೆಲಸಕ್ಕೆ ಬಂತು. ಜೇನುಮೇಣವೇನೂ ಹೊಸದಲ್ಲ, ಮೊದಲಿನ ಮಿಶ್ರಣದಲ್ಲೂ ಸ್ವಲ್ಪ ಇತ್ತು. ಸಿಪಾಯಿಗಳು ಬೇಡವೆಂದದ್ದಕ್ಕೆ ಪರ್ಯಾಯ ಪಕ್ಕದಲ್ಲೇ ಇತ್ತು.

ಇವತ್ತು ಹವ್ಯಾಸಕ್ಕಾಗಿ ಇಂಥ ಹಳೆ ರೈಫಲ್ ಹೊಡೆಯುವ ವಿದೇಶಿಗರು ಸೀಸ ಎರಕ ಹೊಯ್ಯುವ ಮೊದಲು ಒಂದು ಕೆಲಸ ಮಾಡುತ್ತಾರೆ. ನಳಿಗೆಯ ಮೇಲೆ ಕೆತ್ತಿದ ಸಂಖ್ಯೆಯನ್ನು ನಂಬುವುದಿಲ್ಲ. ಮೆತ್ತನೆಯ ಸೀಸದ ತುಂಡೊಂದನ್ನು ಒಳಗೆ ತಳ್ಳಿ ಹೊರತೆಗೆದು, ಅದರ ಮೇಲೆ ಮೂಡಿದ ಅಳತೆ ನೋಡಿ, ಆ ನಳಿಗೆಗೆ ತಕ್ಕ ಅಚ್ಚು ಆರಿಸುತ್ತಾರೆ. ಕಂಪನಿಯ ಸರ್ಕಾರ ಸಿಪಾಯಿಗಳ ವಿಷಯದಲ್ಲಿ ಮಾಡದೆ ಬಿಟ್ಟದ್ದು ಇದನ್ನೇ. ಸಿಪಾಯಿಗಳು ಯಂತ್ರ ಅರ್ಥವಾಗದೆ ಬೆದರಿದ ಮುಗ್ಧರು ಎಂದು ಇನ್ನು ಮುಂದೆಯಾದರೂ ಮಕ್ಕಳಿಗೆ ಹೇಳುವುದು ಬೇಡ. ಅಳತೆ ತಪ್ಪಿದೆ ಎಂದು ಅವರು ಹೇಳಿದ್ದರು. ಅಳತೆ ನಿಜಕ್ಕೂ ತಪ್ಪಿತ್ತು.