ಅರೆತಲೆನೋವು ಮೊಬೈಲ್ ಕಾಲದ ಕಾಯಿಲೆಯೇ? ಹಳೆಯ ವೈದ್ಯರು ಬರೆದಿಟ್ಟದ್ದೇನು?

“ನಮ್ಮ ಹಿರಿಯರಿಗೆ ಮೈಗ್ರೇನ್ ಇರಲೇ ಇಲ್ಲ, ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಕಾಯಿಲೆ.” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಾಗಿದ್ದರೆ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲದಲ್ಲಿ ಬಿಸಿಲಿಗೆ ಕಳೆ ತೆಗೆಯುವ, ಸ್ಮಾರ್ಟ್‌ಫೋನ್ ಮುಟ್ಟದ ಅಜ್ಜಿಗೂ ತಲೆಯ ಒಂದೇ ಮಗ್ಗುಲು ಸಿಡಿಯುವುದೇಕೆ?

ಹೆಸರೇ ಸಾಕ್ಷಿ

ಸುಶ್ರುತ ಸಂಹಿತೆ ತಲೆಯ 11 ರೋಗಗಳನ್ನು ಹೇಳುತ್ತದೆ. ಅದರಲ್ಲಿ ‘ಅರ್ಧಾವಭೇದಕ’ ಎಂದರೆ ಅರ್ಧ ತಲೆ ಸೀಳುವಂಥ ನೋವು. ‘ಸೂರ್ಯಾವರ್ತ’ ಹೊತ್ತು ಏರಿದಂತೆ ಏರಿ, ಇಳಿದಂತೆ ಇಳಿಯುವ ನೋವು. 2ನೇ ಶತಮಾನದ ಗ್ರೀಕ್ ವೈದ್ಯ ಗಾಲೆನ್ ಬಳಸಿದ ‘ಹೆಮಿಕ್ರೇನಿಯಾ’ ಪದಕ್ಕೂ ಅರ್ಧ ತಲೆ ಎಂದೇ ಅರ್ಥ. ಅದೇ ಪದ ಫ್ರೆಂಚರ ಬಾಯಲ್ಲಿ ಸವೆದು ‘ಮೈಗ್ರೇನ್’ ಆಯಿತು.

ಕನ್ನಡದಲ್ಲೂ ವೈದ್ಯ ಬರಹ ಹೊಸದಲ್ಲ. ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ. ಆ ಪೂಜ್ಯಪಾದರು ತಪಸ್ಸು ಮಾಡಿದ್ದು ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯಲ್ಲಿ ಎಂಬುದು ಜೈನರ ನಂಬಿಕೆ.

ತಲೆಬುರುಡೆಗೆ ತೂತು ಕೊರೆಯುವ ಸಲಹೆ

17ನೇ ಶತಮಾನದ ಇಂಗ್ಲೆಂಡಿನಲ್ಲಿ ಆನ್ ಕಾನ್ವೆ ಎಂಬ ತತ್ವಜ್ಞಾನಿ ಜೀವನದುದ್ದಕ್ಕೂ ತಲೆನೋವಿನಿಂದ ನರಳಿದರು. ರಕ್ತ ಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆಯೇ ಅವರ ತಲೆಬುರುಡೆಗೆ ತೂತು ಕೊರೆಯಲು ಸಲಹೆ ಕೊಟ್ಟಿದ್ದ! ಪಾದರಸ ಕೊಟ್ಟರು, ಫ್ರಾನ್ಸಿನಲ್ಲಿ ರಕ್ತನಾಳ ಕೊಯ್ದು ರಕ್ತ ಹರಿಸಿದರು. ನೋವು ಹೋಗಲಿಲ್ಲ. 1679ರಲ್ಲಿ ಅವರು ತೀರಿಕೊಂಡರು.

ಅವರನ್ನು ಪರೀಕ್ಷಿಸಿದ್ದ ಥಾಮಸ್ ವಿಲ್ಲಿಸ್ 1672ರ ತನ್ನ ಪುಸ್ತಕದಲ್ಲಿ, ರಕ್ತನಾಳಗಳು ಉಬ್ಬಿ ಮಿದುಳಿನ ಹೊದಿಕೆಯ ನರಗಳನ್ನು ಎಳೆಯುವುದರಿಂದ ನೋವು ಬರುತ್ತದೆ ಎಂದು ವಾದಿಸಿದ. ಅದು ಅರ್ಧ ಸತ್ಯ. ಮುಖದ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರ ಕೆರಳಿ, ಸಿಜಿಆರ್‌ಪಿ ಎಂಬ ರಾಸಾಯನಿಕ ಬಿಡುಗಡೆಯಾಗುವುದು ಮುಖ್ಯ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಅದನ್ನೇ ತಡೆಯುವ ಔಷಧಿಗಳೂ ಈಗ ಬಂದಿವೆ.

ಹಾಗಾದರೆ ಮೊಬೈಲ್ ತಪ್ಪಿಲ್ಲವೇ?

ಮೈಗ್ರೇನ್ ಬಹುಪಾಲು ಮನೆತನದಲ್ಲಿ ಹರಿದು ಬರುವ ಸ್ವಭಾವ. ನಿದ್ದೆಗೇಡು, ಊಟ ತಪ್ಪುವುದು, ಬಿಸಿಲು ಅದನ್ನು ಕೆಣಕುತ್ತವೆ. ರಾತ್ರಿಯೆಲ್ಲ ಮೊಬೈಲ್ ನೋಡಿದರೆ ನಿದ್ದೆ ಕೆಡುತ್ತದೆ, ತಲೆನೋವು ಬರುತ್ತದೆ. ಮೊಬೈಲ್ ಕಿಡಿ ಹಚ್ಚಬಹುದು, ಆದರೆ ಮೂಲ ಅದಲ್ಲ.

ಇದು ಯಾಕೆ ಮುಖ್ಯ?

‘ಮೊಬೈಲ್ ಬಿಟ್ಟರೆ ಸರಿಹೋಗುತ್ತದೆ’ ಎಂದು ನಂಬಿದವರು ವೈದ್ಯರ ಬಳಿ ಹೋಗದೆ ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ದೂಡುತ್ತಾರೆ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಮಾತ್ರೆಯೇ ತಲೆನೋವು ತರಬಲ್ಲದು.

ಸಿಡಿಲು ಬಡಿದಂತೆ ಹಠಾತ್ತನೆ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು: ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಾದರೆ ಈ ಕೊನೆಯ ಸಾಲುಗಳನ್ನು ಮಾಡಿ.