ಜಾಲರಿ ಅಳಿಸಿದ ಫೋಟೋ

ಹೋದ ಯುಗಾದಿಗೆ ನಮ್ಮ ಸಂಘದ ಫೋಟೋ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಹಕ್ಕಿ ನಿಮಗೆ ನೆನಪಿರಬಹುದು. ನೀಲಿ ಮೈ, ಕೆಂಪು ಕಣ್ಣು, ತಲೆ ಮೇಲೆ ಬಿಳಿ ತುದಿಯ ಬೀಸಣಿಗೆಯಂಥ ಜುಟ್ಟು. "ಯಾವ ಕಾಡಲ್ಲಿ ತೆಗೆದ್ರಿ?" ಅಂತ ಎಲ್ಲರೂ ಕೇಳಿದಾಗ ನಾವು ಮೂವರು ರೂಮ್‌ಮೇಟ್‌ಗಳು ನಕ್ಕು ಸುಮ್ಮನಾದೆವು. ಆ ಸುಮ್ಮನಿದ್ದದ್ದೇ ಸುಳ್ಳು. ಫೋಟೋ ತೆಗೆದದ್ದು ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ. ಹಿಂದೆ ಕಾಣುತ್ತಿದ್ದ ಜಾಲರಿಯನ್ನು ಲೈಟ್‌ರೂಮ್‌ನಲ್ಲಿ ಅಳಿಸಿದ್ದೆವು.

"ಫೋಟೋ ಚೆನ್ನಾಗಿದ್ರೆ ಸಾಕಲ್ವಾ, ಎಲ್ಲಿ ತೆಗೆದ್ರೇನು?" ಅನ್ನುವ ಗೆಳೆಯರಿದ್ದಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಈಗ ಹಾಗನಿಸುವುದಿಲ್ಲ.

ಆ ಹಕ್ಕಿಯ ಹೆಸರು ವಿಕ್ಟೋರಿಯಾ ಕ್ರೌನ್ಡ್ ಪಿಜನ್. ಸುಮಾರು 75 ಸೆಂ.ಮೀ. ಉದ್ದದ ಈ ಪಾರಿವಾಳದ ನಿಜವಾದ ಊರು ನ್ಯೂಗಿನಿ ದ್ವೀಪದ ಉತ್ತರ ಭಾಗದ ಮಳೆಕಾಡು. ಅಲ್ಲಿ ಮಾಂಸಕ್ಕೂ ಗರಿಗೂ ಇದನ್ನು ಬೇಟೆಯಾಡಿದ್ದಾರೆ, ಕಾಡೂ ಕಡಿಮೆಯಾಗುತ್ತಿದೆ. ಬೇಟೆಗಾರರನ್ನು ಕಂಡ ಹಕ್ಕಿ ಹತ್ತಡಿ ದೂರದಲ್ಲಿ ನಿಂತು ಪೋಸ್ ಕೊಡುವುದಿಲ್ಲ. ನಮಗೆ ಕೊಟ್ಟದ್ದು ಅದಕ್ಕೆ ಮನುಷ್ಯರ ಭಯ ಇರಲಿಲ್ಲ ಅಂತ. ಅದನ್ನು ಕಾಡಿನ ಚಿತ್ರ ಅಂತ ತೋರಿಸಿದರೆ, ನೋಡಿದವರು 'ಅಲ್ಲೆಲ್ಲ ಸರಿಯಾಗೇ ಇದೆ' ಅಂದುಕೊಳ್ಳುತ್ತಾರೆ.

ಇನ್ನೊಂದು ತೊಂದರೆ ನಮ್ಮೂರಿನದು. ಇಂಥ ಹತ್ತಿರದ ಫೋಟೋ ನೋಡಿ ಲೈಕ್ ಒತ್ತಿದವರು ದಾಂಡೇಲಿಗೆ ಹೋದಾಗ ಮಂಗಟ್ಟೆ ಹಕ್ಕಿಯದೂ ಹಾಗೇ ಬೇಕು ಅನ್ನುತ್ತಾರೆ. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಯಿ ಮುಚ್ಚಿಕೊಳ್ಳುತ್ತದೆ. ಗಂಡು ಸಣ್ಣ ಸೀಳಿನಿಂದ ಹಣ್ಣು ತಂದು ಕೊಡಬೇಕು. ಮರದ ಕೆಳಗೆ ಕ್ಯಾಮೆರಾ ಹಿಡಿದವರ ಗುಂಪಿದ್ದರೆ ಗಂಡು ಹತ್ತಿರ ಬರಲು ಅಂಜುತ್ತದೆ. ಹಸಿಯುವುದು ಒಳಗಿರುವ ತಾಯಿ, ಮರಿ.

ಮೃಗಾಲಯದಲ್ಲಿ ಫೋಟೋ ತೆಗೆಯುವುದು ತಪ್ಪಲ್ಲ. ನ್ಯೂಗಿನಿಗೆ ಟಿಕೆಟ್ ತೆಗೆಯುವಷ್ಟು ಸ್ಟೈಪೆಂಡ್ ನಮ್ಮಲ್ಲಿ ಯಾರಿಗಿದೆ? ಆದರೆ 'ಮೃಗಾಲಯ' ಅಂತ ಒಂದು ಪದ ಬರೆಯಲು ದುಡ್ಡು ಬೇಕಿಲ್ಲ.

ಮನಸ್ಸು ಚುಚ್ಚಿದ ಮೇಲೆ ಮೂರು ಭಾನುವಾರ ಲಾಸ್ ಏಂಜಲೀಸ್ ಪಕ್ಕದ ಆರ್ಕೇಡಿಯಾದ ಸಸ್ಯೋದ್ಯಾನಕ್ಕೆ ಹೋದೆವು. ಅಲ್ಲಿ ಸಿಕ್ಕಿದ್ದು ಯಾರು ಗೊತ್ತಾ? ನಮ್ಮ ಹಿತ್ತಲಿನ ಕೆಮ್ಮೀಸೆ ಪಿಕಳಾರ! ಅದೇ ಚೂಪು ಜುಟ್ಟು, ಅದೇ ಕೂಗು. ಪಂಜರದಿಂದ ತಪ್ಪಿಸಿಕೊಂಡ ಹಕ್ಕಿಗಳ ಸಂತತಿ 1960ರ ದಶಕದ ಕೊನೆಯಿಂದ ಇಲ್ಲಿ ನೆಲೆಸಿದೆ. ಹಣ್ಣಿನ ಬೆಳೆಗೆ ಹಾನಿ ಅಂತ ಅಮೆರಿಕದ ಕಾನೂನು ಇದರ ಆಮದನ್ನು ನಿರ್ಬಂಧಿಸಿದೆ. ವೀಸಾ ಇಲ್ಲದೆ ಉಳಿದ ಕನ್ನಡಿಗ ಅಂತ ನಕ್ಕೆವು. ಮಳೆಕಾಡಿನ ಅಪರೂಪದ ಹಕ್ಕಿ ಅಲ್ಲ, ಈ ನೆಲದ್ದೂ ಅಲ್ಲ. ಆದರೆ ಸ್ವತಂತ್ರ. ಮೂರನೇ ವಾರ ಒಂದು ಫೋಟೋ ಬಂತು: ಅರ್ಧ ಎಲೆಯ ಮರೆ, ಬಾಲ ಕತ್ತರಿಸಿಹೋಗಿದೆ. ಬಹುಮಾನ ಖಂಡಿತ ಬರಲ್ಲ. ಆದರೂ ಗೋಡೆಗೆ ಅಂಟಿಸಿಕೊಂಡಿರುವುದು ಅದನ್ನೇ.

ಬಹುಮಾನವನ್ನು ಸಂಘಕ್ಕೆ ವಾಪಸ್ ಕೊಟ್ಟಿದ್ದೇವೆ. ಜೊತೆಗೆ ಒಂದು ಕೋರಿಕೆ. ಮುಂದಿನ ವರ್ಷದಿಂದ ಪ್ರತಿ ಚಿತ್ರದ ಕೆಳಗೆ ನಾಲ್ಕು ಸಾಲು ಕೇಳಿ: ಎಲ್ಲಿ ತೆಗೆದದ್ದು, ಹಕ್ಕಿ ಪಂಜರದ್ದೋ ಸ್ವತಂತ್ರವೋ, ಅದನ್ನು ಕರೆಯಲು ಧ್ವನಿಮುದ್ರಣ ಹಾಕಿದಿರಾ, ಆಮೇಲೆ ಏನೇನು ಅಳಿಸಿದಿರಿ. ಗೂಡಿನ ಚಿತ್ರಗಳನ್ನಂತೂ ತೆಗೆದುಕೊಳ್ಳಲೇಬೇಡಿ. ಫೋಟೋಗಳು ಕಡಿಮೆ ಬರಬಹುದು. ಬಂದವನ್ನು ನಂಬಬಹುದು.